ನಮ್ಮೂರು ಬೆಳೆಯೋ ರೀತಿಗೂ ಶ್ರೀಮಂತ ದೇಶದ ಊರು ಬೆಳೆದ ರೀತಿಗೂ ಏನು ವ್ಯತ್ಯಾಸ?

ಪೈಪಂಗಡಿ ದಾವಣಗೆರೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಪೈಪು, ಮೋಟರು, ನಲ್ಲಿ ಸಾಮಾನಿನ ಅಂಗಡಿ. ಅಪ್ಪನ ಕಾಲದಲ್ಲಿ ಗಿರಾಕಿಗಳೆಲ್ಲ ರೈತರೇ. ಬೋರಿನ ಕೇಸಿಂಗು, ಫುಟ್‌ವಾಲ್ವು, ಕಪ್ಪು ಪೈಪಿನ ಸುರುಳಿ, ಅಷ್ಟೇ ವ್ಯಾಪಾರ. ಈಗ ಮುಕ್ಕಾಲು ಪಾಲು ಹೊಸ ಬಡಾವಣೆ ಮನೆಗಳದ್ದು.

ಮೊನ್ನೆ ಶಾಮನೂರಿನ ಆಚೆ ಕಟ್ಟುತ್ತಿರುವ ಒಂದು ಮನೆಗೆ ಬಿಲ್ ಬರೆದೆ. 30-40 ಸೈಟು. ಸಂಪಿಗೆ ಕಬ್ಬಿಣದ ಮುಚ್ಚಳ. ಸಂಪಿನಿಂದ ನೀರೆತ್ತೋಕೆ ಅರ್ಧ ಎಚ್‌ಪಿ ಮೋಟರು. ತಾರಸಿ ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್ ಎರಡು, ಒಂದು ಕಾರ್ಪೊರೇಷನ್ ನೀರಿಗೆ, ಇನ್ನೊಂದು ಬೋರಿನ ನೀರಿಗೆ. ಎರಡೂ ಬೆರೆಯಬಾರದು ಅಂತ ಅಡುಗೆಮನೆಗೆ ಬೇರೆ ಲೈನು. ಟ್ಯಾಂಕು ತುಂಬಿದರೆ ತಾನೇ ಆಫ್ ಆಗೋ ಸ್ವಿಚ್ಚು. ಪಾಯಿಖಾನೆಯ ಪಿಟ್ಟಿಗೆ ನಾಲ್ಕಿಂಚಿನ ಪೈಪು, ಅದರ ಗಾಳಿ ಹೋಗೋಕೆ ಮತ್ತೊಂದು ಪೈಪು, ಅದರ ತಲೆಗೊಂದು ಟೋಪಿ. ಕೊನೆಗೆ ಕುಡಿಯೋ ನೀರಿಗೆ ಫಿಲ್ಟರು.

ಮನೆ ಯಜಮಾನರ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದವನು ಅಪ್ಪನ ಜೊತೆ ಅಂಗಡಿಗೂ ಬಂದಿದ್ದ. ಬಿಲ್ ನೋಡಿ ನಕ್ಕ. "ಅಂಕಲ್, ಇದರಲ್ಲಿ ಅರ್ಧ ಸಾಮಾನು ಅಲ್ಲಿ ಯಾರ ಮನೆಯಲ್ಲೂ ನೋಡಿಲ್ಲ. ನಲ್ಲಿ ತಿರುವಿದರೆ ನೀರು, ಫ್ಲಶ್ ಒತ್ತಿದರೆ ಮುಗೀತು" ಅಂದ. ಅವರಪ್ಪ ಜೇಬಿನಿಂದ ದುಡ್ಡು ತೆಗೆಯುತ್ತಾ, "ಹಂಗಾದ್ರೆ ಅಲ್ಲಿಂದ್ಲೇ ಒಂದು ಪೈಪ್ ಎಳ್ಕಂಬಾರಪ್ಪ" ಅಂದರು.

ಅವತ್ತಿಂದ ಇದೇ ಯೋಚನೆ. ಇಲ್ಲಿ ಪ್ರತಿ ಮನೆಯವರೂ ತಮಗೊಂದು ಸಣ್ಣ ನೀರು ಸರಬರಾಜು ಮಂಡಳಿಯನ್ನೇ ಕಟ್ಟಿಕೊಳ್ಳುತ್ತಿದ್ದಾರೆ, ಅಲ್ವಾ? ನಗರ ಬೆಳೆದರೆ ದೇಶ ಶ್ರೀಮಂತ ಆಗುತ್ತದೆ ಅಂತ ಪೇಪರಿನಲ್ಲಿ ಬರೀತಾರೆ. ನಮ್ಮೂರಲ್ಲಿ ಹತ್ತಿ ಗಿರಣಿಗಳು ಮುಚ್ಚಿ ಎಷ್ಟೋ ಕಾಲ ಆಯ್ತು. ಆದರೂ ಜನಗಣತಿ ಪ್ರಕಾರ 2001ರಲ್ಲಿ 3.64 ಲಕ್ಷ ಇದ್ದ ಊರು 2011ಕ್ಕೆ 4.35 ಲಕ್ಷ ಆಗಿದೆ. ಈಗ ಇನ್ನೂ ಜಾಸ್ತಿ ಇರಬೇಕು. ಕಾರ್ಖಾನೆ ಇಲ್ಲದೆ ಊರು ಹೇಗೆ ಬೆಳೆಯುತ್ತದೆ? ಶ್ರೀಮಂತ ದೇಶದವರೂ ಇದೇ ದಾರಿಯಲ್ಲಿ ನಡೆದು ಮುಂದೆ ಹೋದರಾ? ನಾವು ಬರೀ ತಡವಾಗಿ ಹೊರಟವರಾ? ಅಥವಾ ದಾರಿಯೇ ಬೇರೇನಾ? ಪರೀಕ್ಷೆಗೆ ಬರೆಯೋ ಉತ್ತರ ಬೇಡ. ತಿಳಿದವರು ಬಿಡಿಸಿ ಹೇಳಿ.

---

ನಕ್ಷೆ ನಿಟ್ಟುವಳ್ಳಿ

ಅಣ್ಣ, ನಾನು ಒಂದು ಆಫೀಸಿನಲ್ಲಿ ಲೇಔಟ್ ನಕ್ಷೆ ಬರೆಯುವವಳು. ನೀವು ಬಿಲ್ ಬರೆಯೋದಕ್ಕಿಂತ ಮುಂಚೆ ಆ ಸೈಟು ನನ್ನ ಕಂಪ್ಯೂಟರಿನಲ್ಲಿ ಹುಟ್ಟಿರುತ್ತದೆ. ಹಾಗಾಗಿ ನನಗೆ ಕಾಣೋದನ್ನು ಹೇಳುತ್ತೇನೆ.

ಕಾಗದದ ಮೇಲೆ ಎಲ್ಲವೂ ಇರುತ್ತದೆ. ಪಾರ್ಕಿಗೆ ಹಸಿರು ಬಣ್ಣ, ಸಿಎ ಸೈಟು ಅಂದರೆ ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ, ಮೂವತ್ತಡಿ ರಸ್ತೆ, ಯುಜಿಡಿ ಅಂದರೆ ಒಳಚರಂಡಿ ಲೈನು, ಅದರ ಚೇಂಬರು. ಜಾಗಕ್ಕೆ ಹೋಗಿ ನೋಡಿದರೆ ಮೊದಲು ಕಮಾನು ಎದ್ದಿರುತ್ತದೆ. ಆಮೇಲೆ ಹಳದಿ ಬಣ್ಣ ಬಳಿದ ಕಲ್ಲು, ಕೆಂಪು ಮಣ್ಣಿನ ರಸ್ತೆ, ಲೈಟು ಕಂಬ. ಯುಜಿಡಿ ಪೈಪು ಹಾಕಿರುತ್ತಾರೆ, ಸುಳ್ಳಲ್ಲ. ಆದರೆ ಎಷ್ಟೋ ಕಡೆ ಅದು ಲೇಔಟಿನ ಗೇಟಿನವರೆಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಸೇರೋಕೆ ಮೇನ್ ಲೈನೇ ಇರೋದಿಲ್ಲ. ಚೇಂಬರುಗಳು ರಸ್ತೆಗಿಂತ ಒಂದಡಿ ಮೇಲೆ ತಲೆ ಎತ್ತಿಕೊಂಡು ಕೂತಿರುತ್ತವೆ, ರಾತ್ರಿ ಬೈಕಿನವರು ಎಡವಿ ಬೀಳೋಕೆ. ಅದಕ್ಕೇ ನಿಮ್ಮ ನಾಲ್ಕಿಂಚಿನ ಪೈಪು ಪಿಟ್ಟಿಗೆ ಹೋಗೋದು. ಪಿಟ್ ತುಂಬಿದರೆ ಸಕ್ಕಿಂಗ್ ಗಾಡಿ.

ಇನ್ನೊಂದು ವಿಷಯ. ಸೈಟು ತಗೊಂಡವರಲ್ಲಿ ಮನೆ ಕಟ್ಟೋರು ಕಮ್ಮಿ. ಸುಮ್ನೆ ಇಟ್ಕೊಳ್ಳೋಕೆ ತಗೋತಾರೆ. ಮಗಳ ಮದುವೆಗೆ, ರಿಟೈರ್ ಆದ ಮೇಲೆ, ರೇಟು ಬಂದಾಗ ಮಾರೋಕೆ. ನೂರು ಸೈಟಿನ ಲೇಔಟಿನಲ್ಲಿ ಹತ್ತೋ ಹದಿನೈದೋ ಮನೆ, ಉಳಿದದ್ದು ಜಾಲಿ. ನೀರಿನ ಪೈಪು ಮಾತ್ರ ನೂರೂ ಸೈಟು ದಾಟಿಯೇ ಹೋಗಬೇಕು. ಅದರ ಖರ್ಚು ಯಾರು ಹೊರೋದು?

ಆ ಹುಡುಗನ ಜರ್ಮನಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಹೊಲವನ್ನು ಸೈಟು ಮಾಡೋ ತೀರ್ಮಾನ ಊರಿನ ಆಡಳಿತದ್ದು. ರಸ್ತೆ, ನೀರು, ಚರಂಡಿ ಖಾತ್ರಿ ಆಗದೆ ಮನೆಗೆ ಪರವಾನಗಿ ಇಲ್ಲ. ಹೊಸ ರಸ್ತೆ ಮಾಡಿದ ಖರ್ಚಿನಲ್ಲಿ ಶೇ 90ರವರೆಗೆ ಅಕ್ಕಪಕ್ಕದ ಸೈಟಿನವರಿಂದ ವಸೂಲಿ ಮಾಡೋಕೆ ಕಾನೂನೇ ಇದೆ. ಮನೆ ಕಟ್ಟಿದ್ದೀರೋ ಖಾಲಿ ಬಿಟ್ಟಿದ್ದೀರೋ ಅಂತ ಕೇಳೋದಿಲ್ಲ. ಖಾಲಿ ಇಟ್ಟುಕೊಂಡರೂ ಅಲ್ಲಿ ಆ ದುಡ್ಡು ಕಟ್ಟಬೇಕು. ಇಲ್ಲಿ ಅದೇ ಲಾಭ.

---

ಮ್ಯಾಂಚೆಸ್ಟರ್ ಸಿಸ್ಟರ್

ನಮಸ್ಕಾರ. ದಾವಣಗೆರೆಯಲ್ಲೇ ನರ್ಸಿಂಗ್ ಓದಿದವಳು ನಾನು. ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದೇನೆ. ಇದೂ ಹತ್ತಿ ಗಿರಣಿಗಳ ಊರೇ, ಅದಕ್ಕೇ ನಮ್ಮೂರಿಗೆ "ಕರ್ನಾಟಕದ ಮ್ಯಾಂಚೆಸ್ಟರ್" ಅಂತ ಹೆಸರು. ಅಲ್ಲಿಂದ ಅಸಲಿ ಮ್ಯಾಂಚೆಸ್ಟರಿಗೆ ಹೊರಟೆಯಾ ಅಂತ ಮನೆಯವರೆಲ್ಲ ಕಾಲೆಳೆದಿದ್ದರು. ಇಲ್ಲಿ ಸಂಪು ಇಲ್ಲ, ಅದು ನಿಜ. ಹಳೇ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಸಣ್ಣ ತೊಟ್ಟಿ ಇರುತ್ತದೆ, ಅಷ್ಟೇ.

ಆದರೆ ಇವರು ಮೊದಲಿನಿಂದಲೂ ಹೀಗಿದ್ದರು ಅಂತ ತಿಳಿಯಬೇಡಿ. ಗಿರಣಿಗಳು ಎದ್ದ ಕಾಲದಲ್ಲಿ ಜನ ನೆಲಮಾಳಿಗೆಗಳಲ್ಲಿ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಅಂತ ತುಂಬಿಕೊಂಡಿದ್ದರು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಅನ್ನೋ ಅಧಿಕಾರಿ ಒಂದು ವರದಿ ಕೊಟ್ಟ. ಮ್ಯಾಂಚೆಸ್ಟರಿನ ಕೂಲಿ ಸಂಸಾರಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17 ಅಂತ ಅದರಲ್ಲಿದೆ. ಹಳ್ಳಿಗಾಡಾದ ರಟ್ಲೆಂಡಿನ ಕೂಲಿಯವರದ್ದು 38. ಎಳೆ ಮಕ್ಕಳ ಸಾವು ಅಷ್ಟಿತ್ತು, ಅದಕ್ಕೇ ಸರಾಸರಿ ಹಾಗೆ ಕುಸಿದದ್ದು. ಪೇಟೆಯಲ್ಲಿ ದುಡ್ಡಿತ್ತು, ಆದರೆ ಪೇಟೆಯೇ ಜನರನ್ನು ತಿನ್ನುತ್ತಿತ್ತು. ಹಳೇ ಯುರೋಪಿನ ಎಷ್ಟೋ ನಗರಗಳಲ್ಲಿ ಹುಟ್ಟಿಗಿಂತ ಸಾವೇ ಜಾಸ್ತಿ. ಹಳ್ಳಿಯಿಂದ ಜನ ಬರುತ್ತಲೇ ಇದ್ದರೆ ಮಾತ್ರ ಊರು ಉಳಿಯುತ್ತಿತ್ತು. ಅವರು ಬರುತ್ತಿದ್ದದ್ದು ಕೆಲಸ ಇತ್ತು ಅಂತ.

ದೊಡ್ಡ ವ್ಯತ್ಯಾಸ ಇಲ್ಲೇ ಇರೋದು ಅಂತ ನನ್ನ ಲೆಕ್ಕ. ಇವತ್ತು ಬಡ ದೇಶದ ನಗರಕ್ಕೆ ಕೆಲಸಕ್ಕಿಂತ ಮುಂಚೆ ಲಸಿಕೆ ಬಂದಿದೆ, ಓಆರ್‌ಎಸ್ ಬಂದಿದೆ, ಆಂಟಿಬಯಾಟಿಕ್ ಬಂದಿದೆ. ಒಳ್ಳೇದೇ ಆಯ್ತು, ಬೇಡ ಅನ್ನೋರು ಯಾರು? ವಾಂತಿಭೇದಿ ಆದ ಮಗುವಿಗೆ ಚಮಚದಲ್ಲಿ ಓಆರ್‌ಎಸ್ ಕುಡಿಸಿ ಕೂತವಳು ನಾನು. ಅರ್ಧ ದಿನದಲ್ಲಿ ಕಣ್ಣಿಗೆ ಜೀವ ಬರುತ್ತದೆ. ಆ ಮಗು 1842ರ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದರೆ ಉಳಿಯುತ್ತಿರಲಿಲ್ಲ. ಹಾಗಾಗಿ ನಮ್ಮಂಥ ದೇಶಗಳಲ್ಲಿ ನಗರ ಬೆಳೆಯೋದು ಹಳ್ಳಿಯಿಂದ ಬಂದವರಿಂದ ಮಾತ್ರ ಅಲ್ಲ. ಬೆಳವಣಿಗೆಯ ದೊಡ್ಡ ಪಾಲು ನಗರದಲ್ಲೇ ಹುಟ್ಟಿ, ಬದುಕಿ ಉಳಿದ ಮಕ್ಕಳದ್ದು. ಕಾರ್ಖಾನೆ ಬರಲಿ ಬಿಡಲಿ, ಊರು ಬೆಳೆದೇ ಬೆಳೆಯುತ್ತದೆ. ಆಫ್ರಿಕಾದ ಲಾಗೋಸ್, ಕಿನ್ಶಾಸಾ ಎಲ್ಲ ಹೀಗೇ.

ನೀರಿನ ವಿಷಯಕ್ಕೆ ಬರುತ್ತೇನೆ. ಮ್ಯಾಂಚೆಸ್ಟರಿನವರು ಸುಮಾರು 150 ಕಿಲೋಮೀಟರ್ ದೂರದ ಥರ್ಲ್‌ಮಿಯರ್ ಕೆರೆಯಿಂದ ನೀರು ತಂದರು. ಮೋಟರೇ ಇಲ್ಲ, ಇಳಿಜಾರಿನಲ್ಲೇ ಹರಿದು ಬರುತ್ತದೆ. 1894ರಲ್ಲಿ ಮುಗಿದ ಕೆಲಸ, ಇವತ್ತಿಗೂ ನಡೆಯುತ್ತಿದೆ. ಅದನ್ನು ಮಾಡಿಸಿದ್ದು ಊರಿನ ಕಾರ್ಪೊರೇಷನ್ನೇ, ತನ್ನದೇ ಹೆಸರಿನಲ್ಲಿ ಸಾಲ ಎತ್ತಿ. ಗಿರಣಿಯವರ ಕಂದಾಯ ಬರುತ್ತದೆ ಅನ್ನೋ ನಂಬಿಕೆ ಇತ್ತು, ಅದಕ್ಕೇ ಸಾಲ ಸಿಕ್ಕಿತು. ಅಲ್ಲಿಗೂ ನೋಡಿ, ಚಾಡ್ವಿಕ್ ವರದಿಯಿಂದ ಥರ್ಲ್‌ಮಿಯರ್ ನೀರು ಬರೋವರೆಗೆ ಐವತ್ತು ವರ್ಷ. ಮಧ್ಯದಲ್ಲಿ ಬೇರೆ ಕೆರೆಗಳನ್ನೂ ಕಟ್ಟಿದರು, ಸಾಕಾಗಲಿಲ್ಲ.

---

ಗಿರಣಿ ಕ್ವಾರ್ಟರ್ಸ್ ಹುಡುಗ

ಸಿಸ್ಟರ್ ಹೇಳಿದ್ದು ಸರಿ. ಆದರೆ ಒಂದು ಮಾತು ಬಿಟ್ಟರು. ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ ಹೋಯ್ತು ರೀ? ಅಮೆರಿಕದಿಂದ ಹೋದದ್ದೇ ಜಾಸ್ತಿ, ಅದೂ ಗುಲಾಮರು ಬೆಳೆದದ್ದು. 1861ರಲ್ಲಿ ಅಲ್ಲಿ ಯುದ್ಧ ಶುರುವಾಗಿ ಹತ್ತಿ ನಿಂತಾಗ ನಮ್ಮ ಕಡೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಧಾರವಾಡ ಸೀಮೆಯಲ್ಲಿ ಬ್ರಿಟಿಷರು ಅಮೆರಿಕದ ಬೀಜ ತಂದು ಬೆಳೆಸಿದ್ದೇ ಮ್ಯಾಂಚೆಸ್ಟರ್ ಸೀಮೆಯ, ಅಂದರೆ ಲಂಕಾಶೈರಿನ ಗಿರಣಿಗೆ. ಹತ್ತಿ ನಮ್ಮದು ಹೋಯ್ತು, ಬಟ್ಟೆ ಅವರದ್ದು ಬಂತು. ನಮ್ಮ ನೇಕಾರರು ಕೈಚೆಲ್ಲಿ ಕೂತರು. ಅವರ ನಗರ ಬೆಳೆದ ಲೆಕ್ಕದಲ್ಲಿ ನಮ್ಮ ಹಳ್ಳಿಯೂ ಇದೆ.

ಇನ್ನೊಂದು ಬಾಗಿಲು ಅವರಿಗೆ ತೆರೆದಿತ್ತು. 1850ರಿಂದ 1914ರ ಒಳಗೆ ಯುರೋಪಿನ 4 ಕೋಟಿಗೂ ಜಾಸ್ತಿ ಜನ ಹಡಗು ಹತ್ತಿ ಅಮೆರಿಕ, ಆಸ್ಟ್ರೇಲಿಯಾ ಅಂತ ಹೋದರು. ಊರಲ್ಲಿ ಜನ ಹೆಚ್ಚಾಯ್ತಾ, ಹಡಗು ಹತ್ತು. ನಮ್ಮ ಜಗಳೂರಿನವನು ಹಾಗೆ ಹೊರಟರೆ ವೀಸಾ ಕೊಡೋರು ಯಾರು?

ನಮ್ಮಪ್ಪ ಇಲ್ಲಿ ಗಿರಣಿಯಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಮೂರು ಪಾಳಿ. ಕೂದಲಿಗೆ, ಹುಬ್ಬಿಗೆ ಹತ್ತಿಯ ನವಿರು ಅಂಟಿಕೊಂಡು ಬರುತ್ತಿತ್ತು, ಅವ್ವ ಮನೆಯೊಳಗೆ ಬಿಡುವ ಮುಂಚೆ ಟವೆಲಿನಿಂದ ಜಾಡಿಸುತ್ತಿದ್ದಳು. ಆದರೆ ಪಿಎಫ್ ಇತ್ತು, ಇಎಸ್‌ಐ ಚೀಟಿ ಇತ್ತು, ತಿಂಗಳ ಹತ್ತಕ್ಕೆ ಸಂಬಳ. ಕಿರಾಣಿ ಅಂಗಡಿಯವನು ಗಿರಣಿ ಹೆಸರು ಹೇಳಿದರೆ ಸಾಕು, ಉದ್ರಿ ಬರೀತಿದ್ದ. ಗಿರಣಿ ಮುಚ್ಚಿದ ಮೇಲೆ ಅಪ್ಪ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದರು. ಅದೇ ಊರು, ಅದೇ ಮನುಷ್ಯ. ಆದರೆ ಸಾಲ ಕೊಡೋರಿಲ್ಲ. ಈಗ ನಾನು ಮೊಬೈಲ್ ಅಂಗಡಿಯಲ್ಲಿದ್ದೇನೆ. ನನಗೂ ಪಿಎಫ್ ಇಲ್ಲ.

ಅಣ್ಣ, ನೀವು ಕೇಳಿದಿರಲ್ಲ, ಕಾರ್ಖಾನೆ ಇಲ್ಲದೆ ಊರು ಹೇಗೆ ಬೆಳೆಯುತ್ತದೆ ಅಂತ. ಹೀಗೆ ಬೆಳೆಯುತ್ತದೆ.

---

ಮ್ಯಾಂಚೆಸ್ಟರ್ ಸಿಸ್ಟರ್

ತಮ್ಮಾ, ನೀನು ಹೇಳಿದ್ದರಲ್ಲಿ ತಕರಾರಿಲ್ಲ. ಒಂದು ಮಾತು ಸೇರಿಸುತ್ತೇನೆ. ಇಲ್ಲೂ ಗಿರಣಿಗಳು ಮುಚ್ಚಿದವು. ಆಗ ಏನಾಯ್ತು ಅಂದರೆ ಊರೇ ಕುಗ್ಗಿತು. 1931ರಲ್ಲಿ ಮ್ಯಾಂಚೆಸ್ಟರ್ ನಗರದ ಜನಸಂಖ್ಯೆ 7 ಲಕ್ಷ ದಾಟಿತ್ತು. 2001ರ ಹೊತ್ತಿಗೆ 4 ಲಕ್ಷದ ಆಸುಪಾಸು. ಅಮೆರಿಕದ ಡೆಟ್ರಾಯಿಟ್ ಅಂತೂ ಕೇಳೋದೇ ಬೇಡ. ಕಾರು ಕಾರ್ಖಾನೆಗಳ ಊರದು. 1950ರಲ್ಲಿ 18.5 ಲಕ್ಷ, 2020ರಲ್ಲಿ 6.4 ಲಕ್ಷ. ಒಂದಷ್ಟು ಜನ ಹೊರವಲಯದ ದೊಡ್ಡ ಮನೆಗಳಿಗೆ ಹೋದರು, ಉಳಿದವರು ಕೆಲಸ ಇದ್ದ ಕಡೆ ಹೋದರು.

ಅವರಿಗೆ ಗಿರಣಿ ಮುಚ್ಚಿದರೆ ಊರು ಇಳಿಯಿತು. ನಮಗೆ ಗಿರಣಿ ಮುಚ್ಚಿದರೂ ಊರು ಏರಿತು. ಇದು ಹೇಗೆ ಅಂತ ಅರ್ಥಶಾಸ್ತ್ರ ಬಲ್ಲವರು ಯಾರಾದರೂ ಹೇಳಿ.

---

ರಿಟೈರ್ಡ್ ಲೆಕ್ಚರರ್, ಚಿತ್ರದುರ್ಗ

ಸಿಸ್ಟರ್ ಕರೆದರು ಅಂತ ಬಂದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವನು, ಪಾಠ ಉದ್ದ ಆದರೆ ಕ್ಷಮಿಸಿ.

ಮೊದಲು ಶೇಕಡಾವಾರು ಲೆಕ್ಕಕ್ಕೆ ಮರುಳಾಗಬೇಡಿ. ಜಪಾನಿನಲ್ಲಿ ಶೇ 90ಕ್ಕಿಂತ ಹೆಚ್ಚು ಜನ ನಗರವಾಸಿಗಳು. ಸರಿ, ಶ್ರೀಮಂತ ದೇಶ. ಬ್ರೆಜಿಲಿನಲ್ಲೂ ಹತ್ತಿರ ಹತ್ತಿರ ಅಷ್ಟೇ, ಶೇ 85 ದಾಟಿದೆ. ಆಫ್ರಿಕಾದ ಗ್ಯಾಬೊನ್ ಕೂಡ ಹಾಗೇ. ಅವೇನು ಜಪಾನ್ ಆಗಿವೆಯಾ? ಭಾರತ 2011ರಲ್ಲಿ ಶೇ 31, ಕರ್ನಾಟಕ ಶೇ 38.67. ನಗರದಲ್ಲಿ ಎಷ್ಟು ಜನ ಇದ್ದಾರೆ ಅನ್ನೋದಕ್ಕಿಂತ ಅವರು ಅಲ್ಲಿ ಏನು ಮಾಡುತ್ತಿದ್ದಾರೆ ಅಂತ ಕೇಳಬೇಕು.

ಗೋಲಿನ್, ಜೆಡ್ವಾಬ್, ವೋಲ್ರಾತ್ ಅಂತ ಮೂವರು 2016ರಲ್ಲಿ ಇದನ್ನೇ ಹುಡುಕಿ ಬರೆದರು. ನಗರಗಳಲ್ಲಿ ಎರಡು ಬಗೆ. ಒಂದು, ತಯಾರಿಸಿ ಹೊರಗೆ ಮಾರಿ ಬೆಳೆಯೋ ಊರು. ಇನ್ನೊಂದು, ಬೇರೆ ಕಡೆ ಹುಟ್ಟಿದ ದುಡ್ಡು ಬಂದು ಖರ್ಚಾಗೋದರಿಂದ ಬೆಳೆಯೋ ಊರು. ಅಂಗೋಲದಲ್ಲಿ ಪೆಟ್ರೋಲ್ ಸಿಗುತ್ತದೆ, ಆ ದುಡ್ಡೆಲ್ಲ ರಾಜಧಾನಿ ಲುವಾಂಡಾಕ್ಕೆ ಬಂದು ಬಿಲ್ಡಿಂಗ್, ಹೋಟೆಲ್, ಮನೆಗೆಲಸ, ವ್ಯಾಪಾರ, ಸರ್ಕಾರಿ ನೌಕರಿ ಅಂತ ಹರಡುತ್ತದೆ. ಊರು ಕಣ್ಣಿಗೆ ದೊಡ್ಡದಾಗುತ್ತದೆ. ಕೆಲಸವೂ ಇರುತ್ತದೆ. ಆದರೆ ಆ ಕೆಲಸದಲ್ಲಿ ವರ್ಷದಿಂದ ವರ್ಷಕ್ಕೆ ಉತ್ಪಾದನೆ ಏರೋದು ಕಮ್ಮಿ. ನೂಲುವ ಯಂತ್ರ ಬದಲಾದರೆ ಒಬ್ಬ ಆಳು ಎರಡರಷ್ಟು ನೂಲು ತೆಗೆಯುತ್ತಾನೆ. ವಾಚ್‌ಮನ್ ಎರಡರಷ್ಟು ಗೇಟು ಕಾಯೋಕಾಗುತ್ತಾ?

ಈಗ ದಾವಣಗೆರೆ ನೋಡಿ. ಪೆಟ್ರೋಲ್ ಇಲ್ಲ, ಅಡಿಕೆ ಇದೆ. ಚನ್ನಗಿರಿಯ ಅಡಿಕೆ, ಭದ್ರಾ ನಾಲೆಯ ಭತ್ತ, ಸುತ್ತಲಿನ ಮೆಕ್ಕೆಜೋಳ. ಈ ದುಡ್ಡು ಎಲ್ಲಿಗೆ ಬರುತ್ತದೆ? ಮಗನ ಕಾಲೇಜು ಫೀಸು, ತಾಯಿಯ ಆಪರೇಷನ್ನು, ಬಂಗಾರ, ಸೈಟು. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ, ಪಿಜಿ ಹಾಸ್ಟೆಲ್ಲು, ಬೆಣ್ಣೆದೋಸೆ ಹೋಟೆಲ್ಲು ಎಲ್ಲ ನಿಂತಿರೋದು ಇದರ ಮೇಲೆ. ಇದರಲ್ಲಿ ಕೀಳೇನೂ ಇಲ್ಲ. ಆಸ್ಪತ್ರೆ, ಕಾಲೇಜು ಗಿರಣಿಗಿಂತ ಒಳ್ಳೆಯ ಕೆಲಸ ಕೊಡಬಹುದು, ಡಾಕ್ಟರಿಗೆ, ಮೇಷ್ಟ್ರಿಗೆ. ಏಳನೇ ಕ್ಲಾಸು ಓದಿದವನಿಗೆ ಪಿಎಫ್ ಇರೋ ಕೆಲಸ ಕೊಡುತ್ತಿದ್ದದ್ದು ಮಾತ್ರ ಗಿರಣಿ. ಆ ಮೆಟ್ಟಿಲು ಬಿದ್ದುಹೋಗಿದೆ.

ದಕ್ಷಿಣ ಕೊರಿಯಾ 1960ರಲ್ಲಿ ಶೇ 28 ನಗರ, 1990ಕ್ಕೆ ಶೇ 74. ಮೂವತ್ತು ವರ್ಷದಲ್ಲಿ! ಅಲ್ಲೂ ಸಿಯೋಲ್ ತುಂಬಾ ಗುಡ್ಡದ ಮೇಲೆ ಹಲಗೆ ಮನೆಗಳೇ ಇದ್ದವು. ಆದರೆ ಬಂದವರಿಗೆ ಮೊದಲು ಬಟ್ಟೆ, ವಿಗ್ಗು, ಪ್ಲೈವುಡ್ಡು, ಆಮೇಲೆ ಹಡಗು, ಕಾರು ಅಂತ ಕಾರ್ಖಾನೆಗಳು ಕಾಯುತ್ತಿದ್ದವು. ಅಂದರೆ ತಡವಾಗಿ ಹೊರಟರೂ ತಲುಪಬಹುದು. ಆ ಕಾಲದ ಕಾರ್ಖಾನೆಗೆ ಕೈಗಳು ಜಾಸ್ತಿ ಬೇಕಿತ್ತು, ಈಗಿನದಕ್ಕೆ ಕಮ್ಮಿ ಸಾಕು. ನನಗೆ ಚಿಂತೆ ಇರೋದು ಅಲ್ಲಿ. ಪೈಪಂಗಡಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಬರೀ ತಡ ಅಲ್ಲ, ದಾರಿಯೇ ಬೇರೆ.

---

ಕಾಫಿ ಸೀಮೆಗೆ ಗುಳೆ

ನಾನು ಜಗಳೂರು ತಾಲೂಕಿನವನು. ಮಳೆ ಕೈಕೊಟ್ಟ ವರ್ಷ ನಮ್ಮ ಕೇರಿಯ ಅರ್ಧ ಜನ ಕಾಫಿ ತೋಟಕ್ಕೆ, ಉಳಿದವರು ಬೆಂಗಳೂರಿಗೆ. ನಾನು ದಾವಣಗೆರೆಯಲ್ಲಿ ಸೆಂಟ್ರಿಂಗ್ ಕೆಲಸ. ರೂಮು ಇಲ್ಲಿ. ರೇಷನ್ ಕಾರ್ಡು, ಓಟು, ಎರಡೆಕರೆ ಹೊಲ, ಅವ್ವ ಎಲ್ಲ ಅಲ್ಲಿ. ಹಬ್ಬಕ್ಕೆ, ಬಿತ್ತನೆಗೆ ಹೋಗಿ ಬರುತ್ತೇನೆ. ನನ್ನನ್ನು ಊರಿನವನು ಅಂತ ಬರ್ಕೊಳ್ತೀರೋ, ಪೇಟೆಯವನು ಅಂತಲೋ? ಚೀನಾದಲ್ಲೂ ಹೀಗೇ ಅಂತ ಓದಿದ್ದೆ. ಹುಕೋವು ಅಂತ ಒಂದು ದಾಖಲೆ, ಅದು ಹಳ್ಳಿಯದ್ದಾದರೆ ಪೇಟೆಯಲ್ಲಿ ಎಷ್ಟು ವರ್ಷ ದುಡಿದರೂ ಮಕ್ಕಳಿಗೆ ಸ್ಕೂಲು, ಆಸ್ಪತ್ರೆ ಸಿಗೋದು ಕಷ್ಟ. ನಮಗೆ ತಡೆಯೋರಿಲ್ಲ, ಹಾಗಂತ ಕರೆಯೋರೂ ಇಲ್ಲ.

ಹೊಲ ಮಾರಿ ಇಲ್ಲೇ ನಿಲ್ಲು ಅಂತಾರೆ ಸ್ನೇಹಿತರು. ಕೆಲಸ ನಾಳೆ ನಿಂತರೆ ರಾಗಿ ಕೊಡೋದು ಆ ಎರಡೆಕರೆಯೇ. ಇಂಗ್ಲೆಂಡಿನವರಿಗೆ ಹಿಂದಿರುಗೋಕೆ ಹೊಲ ಇತ್ತಾ?

---

ರಿಟೈರ್ಡ್ ಲೆಕ್ಚರರ್, ಚಿತ್ರದುರ್ಗ

ಬಹಳ ಜನಕ್ಕೆ ಇರಲಿಲ್ಲ ಕಣಪ್ಪ. ಊರೊಟ್ಟಿನ ಜಮೀನಿಗೆಲ್ಲ ಬೇಲಿ ಹಾಕಿ ದೊಡ್ಡ ಜಮೀನ್ದಾರರ ಪಾಲು ಮಾಡಿಬಿಟ್ಟಿದ್ದರು. ಹಿಂದಿರುಗೋ ದಾರಿ ಮುಚ್ಚಿತ್ತು, ಅದಕ್ಕೇ ಅವರು ಪೇಟೆಯಲ್ಲೇ ಬೇರುಬಿಟ್ಟು, ಸಂಘ ಕಟ್ಟಿ, ಓಟು ಪಡೆದು, ಚರಂಡಿ ಕೇಳಿದರು. ನೀನು ಹೊಲ ಮಾರಬೇಡ.

---

ಪೈಪಂಗಡಿ ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಚರರ್ ಸರ್ ಹೇಳಿದ ಮೇಲೆ ಹಳೇ ಲೆಡ್ಜರ್ ತೆಗೆದು ನೋಡಿದೆ. ಅಡಿಕೆಗೆ ರೇಟು ಬಂದ ವರ್ಷ ನನ್ನ ಟ್ಯಾಂಕು, ಮೋಟರು ಜಾಸ್ತಿ ಹೋಗಿವೆ. ಮೆಕ್ಕೆಜೋಳ ಬಿದ್ದ ವರ್ಷ ಉದ್ರಿ ಪುಸ್ತಕ ದಪ್ಪ ಆಗಿದೆ. ಊರಿನ ಒಳಗೆ ಏನಾಯ್ತು ಅನ್ನೋದಕ್ಕಿಂತ ಊರ ಹೊರಗೆ ಏನಾಯ್ತು ಅನ್ನೋದರ ಮೇಲೆಯೇ ನನ್ನ ವ್ಯಾಪಾರ. ಇಷ್ಟು ವರ್ಷ ಗಲ್ಲಾ ಮೇಲೆ ಕೂತು ಇದನ್ನು ಕೂಡಿಸಿ ನೋಡಿರಲಿಲ್ಲ.

ಈಗ ಜಲಸಿರಿ ಅಂತ 24 ಗಂಟೆ ನೀರಿನ ಯೋಜನೆ ನಡೆಯುತ್ತಿದೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ಅದಕ್ಕೆ. ಮ್ಯಾಂಚೆಸ್ಟರಿನವರು ತಮ್ಮ ಊರಿನ ಕಂದಾಯ ತೋರಿಸಿ ಸಾಲ ತಂದರು, ನಮಗೆ ರಾಜ್ಯ ಸರ್ಕಾರ ಮುಂದೆ ನಿಂತು ತರಬೇಕು. ದಿನವಿಡೀ ನೀರು ಬಂದುಬಿಟ್ಟರೆ ಸಂಪು ಯಾಕೆ, ಮೋಟರು ಯಾಕೆ? ನನ್ನ ಅಂಗಡಿಗೆ ಹೊಡೆತ. ಬರಲಿ ಬಿಡಿ, ನಲ್ಲಿ ಮಾರುತ್ತೇನೆ. ಆದರೂ ಗಿರಾಕಿಗಳು ಇವತ್ತಿಗೂ "ಸಂಪು ಸ್ವಲ್ಪ ದೊಡ್ಡದೇ ಇರಲಿ" ಅಂತಲೇ ಹೇಳುತ್ತಿದ್ದಾರೆ.

ನಕ್ಷೆ ತಂಗಿಗೆ ಒಂದು ಪ್ರಶ್ನೆ. ಖಾಲಿ ಸೈಟಿನವರಿಂದ ಪೈಪಿನ ಖರ್ಚು ವಸೂಲಿ ಮಾಡೋದು ಇಲ್ಲಿ ಆಗದ ಮಾತಾ?

---

ನಕ್ಷೆ ನಿಟ್ಟುವಳ್ಳಿ

ಆಗದ ಮಾತಲ್ಲ ಅಣ್ಣ. ಅಭಿವೃದ್ಧಿ ಶುಲ್ಕ ಅಂತ ಈಗಲೂ ಕಟ್ಟಿಸಿಕೊಳ್ಳುತ್ತಾರೆ, ಖಾಲಿ ಸೈಟಿಗೂ ಕಂದಾಯ ಇದೆ. ಆದರೆ ಆ ಮೊತ್ತ ನೋಡಿದರೆ ಸೈಟಿನ ಬೆಲೆ ಒಂದು ವರ್ಷದಲ್ಲಿ ಏರೋದರ ಮುಂದೆ ಏನೂ ಅಲ್ಲ. ಜಾಸ್ತಿ ಮಾಡಿ ಅಂತ ಯಾವ ಸದಸ್ಯರು ಸಭೆಯಲ್ಲಿ ಎದ್ದು ಹೇಳುತ್ತಾರೆ? ಅವರ ಸೈಟುಗಳೂ ಖಾಲಿಯೇ ಇರುತ್ತವೆ. ನಿಮ್ಮದೂ ಒಂದು ಇರಬೇಕಲ್ಲ?

---

ಪೈಪಂಗಡಿ ದಾವಣಗೆರೆ

ಎರಡಿವೆ ತಂಗಿ.